ಮೂರು ಸಲ ಕರೆದರೂ

ಮಾರ್ಚ್ ಹನ್ನೊಂದರ ಬೆಳಗ್ಗೆ 10.20ಕ್ಕೆ ವಿಮಾನ ನಿಲ್ದಾಣದ ಠಾಣೆಗೆ ದೂರು ಬಂತು. ಹಿಂದಿನ ದಿನ ಮಧ್ಯಾಹ್ನ 2.47ಕ್ಕೆ ಯಾರೋ ಹೆಂಗಸು ಕಂಟ್ರೋಲ್ ಟವರಿನ ರೇಡಿಯೊ ಸಂಪರ್ಕಕ್ಕೆ ಕಳ್ಳತನದಿಂದ ನುಗ್ಗಿ, ಹಾರುತ್ತಿದ್ದ ವಿಮಾನಕ್ಕೆ ಆದೇಶ ಕೊಟ್ಟಿದ್ದಾಳೆ. ಪೈಲಟ್ ವರದಿ ಬಂದ ಮೇಲೆ ದೂರು ಕೊಟ್ಟವರು ಆ ಹೊತ್ತಿನಲ್ಲಿ ಪಾಳಿಯಲ್ಲಿದ್ದ ಹಿರಿಯ ಕಂಟ್ರೋಲರ್. ಎಫ್‌ಐಆರ್ ದಾಖಲಾಯಿತು.

ಟವರಿನ ರೇಡಿಯೊ ಮಾತುಕತೆಯ ಟೇಪು ಕೇಳಿ ಇನ್ಸ್‌ಪೆಕ್ಟರ್‌ಗೆ ತಲೆ ಕೆಟ್ಟುಹೋಯಿತು. ಒಂದು ವಿಮಾನ ಮೇಲೇರುತ್ತಿತ್ತು, ಎದುರಿನಿಂದ ಇನ್ನೊಂದು ಇಳಿಯುತ್ತಿತ್ತು. ಇಳಿಯುತ್ತಿದ್ದ ಪೈಲಟ್ ಮೂರು ಸಲ ಕರೆದರೂ ಟವರಿನಿಂದ ಉತ್ತರವಿಲ್ಲ. ಆಮೇಲೆ ಹೆಂಗಸಿನ ದನಿ: "ಇಳೀಬೇಡಿ. ತಕ್ಷಣ ಬಲಕ್ಕೆ ತಿರುಗಿ." ಪೈಲಟ್ ತಿರುಗಿದ್ದ. ಇನ್ನೂರು ಚಿಲ್ಲರೆ ಜನ ಉಳಿದಿದ್ದರು. ಜೀವ ಉಳಿಸಿದವಳನ್ನು ಹುಡುಕಿ ಒಳಗೆ ಹಾಕುವ ಕರ್ಮ ಇನ್ಸ್‌ಪೆಕ್ಟರ್ ಪಾಲಿಗೆ ಬಂದಿತ್ತು. ನೀವೇಕೆ ಉತ್ತರ ಕೊಡಲಿಲ್ಲ ಎಂದು ಕೇಳಿದ್ದಕ್ಕೆ, ಅವಳು ಅಡ್ಡ ಬಂದು ತಮಗೇನೂ ಕೇಳಿಸಲಿಲ್ಲವೆಂದು ಕಂಟ್ರೋಲರ್ ಬರೆದುಕೊಟ್ಟರು.

ನಾಲ್ಕು ದಿನ ಕಾನ್‌ಸ್ಟೇಬಲ್‌ಗಳು ರೇಡಿಯೊ ಅಂಗಡಿ ಸುತ್ತಿದರು, ಆಂಟೆನಾ ಕಂಡ ಮಹಡಿಗಳನ್ನೆಲ್ಲ ಹತ್ತಿ ಇಳಿದು ಹೈರಾಣಾದರು. ಸಿಕ್ಕಿದ್ದು ಮಂಡಿನೋವು ಮಾತ್ರ. ಐದನೇ ದಿನ ಹೆಡ್ ಕಾನ್‌ಸ್ಟೇಬಲ್ ಟೇಪು ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದ. ಹೆಂಗಸಿನ ದನಿಯ ಹಿಂದೆ ಬಕೆಟ್ಟಿನ ಹಿಡಿ ಬಿದ್ದ ಸದ್ದಿತ್ತು. ಟವರಿನೊಳಗೇ ಒಮ್ಮೆ ನೋಡೋಣ ಎಂದ.

ಮಾರ್ಚ್ ಹದಿನಾರು, 11.30ಕ್ಕೆ ಟವರಿನ ಕೋಣೆಯಲ್ಲಿ ಪಂಚನಾಮೆ. ಮೂಲೆಯಲ್ಲಿ ಬಕೆಟ್ಟು ಇತ್ತು. ಸ್ಪೀಕರ್ ಕಿವಿ ಹರಿಯುವಷ್ಟು ಜೋರಾಗಿ ಒದರುತ್ತಿತ್ತು. ಈ ಬಕೆಟ್ಟು ಯಾರದು ಎಂದು ಇನ್ಸ್‌ಪೆಕ್ಟರ್ ಕಂಟ್ರೋಲರ್ ಬೆನ್ನ ಹಿಂದೆ ನಿಂತು ಮೂರು ಸಲ ಕೇಳಿದರು. ಆಸಾಮಿ ತಿರುಗಿಯೂ ನೋಡಲಿಲ್ಲ. ಅಧಿಕಾರದ ಮದ ಎಂದುಕೊಂಡು ಇನ್ಸ್‌ಪೆಕ್ಟರ್‌ಗೆ ಮೈಯೆಲ್ಲ ಉರಿಯಿತು.

ಬಕೆಟ್ಟು ನೆಲ ಒರೆಸುವಾಕೆಯದು. ಒಂಬತ್ತು ವರ್ಷದಿಂದ ಅದೇ ಕೋಣೆ. ಕೆಲಸ ಹೋಗುತ್ತದಾ, ಜೈಲಾಗುತ್ತದಾ ಎಂದು ಆಕೆಯೇ ಮೊದಲು ಕೇಳಿದಳು.

"ಮಾತಾಡಿದ್ದು ನೀನೇನಾ?"

"ಹೌದು ಸರ್. ದಿನಾ ಕೇಳಿ ಕೇಳಿ ಆ ಮಾತೆಲ್ಲ ಬಾಯಿಗೆ ಬಂದ್ಬಿಟ್ಟಿದೆ."

"ಕಂಟ್ರೋಲರಿಗೆ ಹೇಳಬಹುದಿತ್ತಲ್ಲ?"

"ಅವತ್ತು ಸ್ಪೀಕರ್ ಇಷ್ಟು ಜೋರಿರ್ಲಿಲ್ಲ, ಭುಜ ತಟ್ಟಿದೆ ಸರ್. ನೆಲ ಒರೆಸೋಕೆ ಅಂದ್ಕೊಂಡು ಎರಡೂ ಕಾಲು ಮೇಲೆತ್ಕೊಂಡ್ರು. ಇನ್ನೇನ್ಮಾಡ್ಲಿ, ಅವರ ಬಲಗಡೆಯ ಖಾಲಿ ಸೀಟಿನ ಮೈಕ್ ಒತ್ತಿದೆ."

ಇನ್ಸ್‌ಪೆಕ್ಟರ್ ನಗಲು ಹೋದವರು ತಿರುಗಿ ಕಂಟ್ರೋಲರ್ ಬೆನ್ನನ್ನು ನೋಡಿದರು. ಬೆನ್ನ ಹಿಂದೆ ನಿಂತು ತಾವು ಕೇಳಿದ್ದೂ ಮೂರೇ ಸಲ.

ಅಲ್ಲಿಂದ ನೇರ ಆಸ್ಪತ್ರೆಗೆ. ಜನವರಿಯ ಶ್ರವಣ ಪರೀಕ್ಷೆಯಲ್ಲಿ ಕಂಟ್ರೋಲರ್ ಪಾಸಾಗಿದ್ದರು. ಫೋಟೊ ತೋರಿಸಿದಾಗ ಇವರಲ್ಲ ಎಂದು ನರ್ಸ್ ತಲೆಯಾಡಿಸಿದಳು, ಪರೀಕ್ಷೆಗೆ ಬಂದವರಿಗೆ ಮೀಸೆ ಇತ್ತಂತೆ. ಮೀಸೆ ಇದ್ದದ್ದು ಕಂಟ್ರೋಲರ್ ತಮ್ಮನಿಗೆ. ಅಣ್ಣನ ಮಾತು ಮೀರಲಾಗದೆ ಅವನ ಬದಲು ಪರೀಕ್ಷೆಗೆ ಹೋಗಿದ್ದೆ ಎಂದು ಅವನು ಒಪ್ಪಿಕೊಂಡ.

ಮಾರ್ಚ್ ಹದಿನೇಳು, ಸಂಜೆ 4.10ಕ್ಕೆ ವಂಚನೆ ಮತ್ತು ಸುಳ್ಳು ದೂರಿನ ಮೇಲೆ ಅಣ್ಣತಮ್ಮಂದಿರ ಬಂಧನ. ನೆಲ ಒರೆಸುವಾಕೆಯ ಹೆಸರು ಸಾಕ್ಷಿಗಳ ಪಟ್ಟಿಗೆ ಹೋಯಿತು.

ಕಂಟ್ರೋಲರಿಗೆ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಅರ್ಧ. ಜೀಪಿನಲ್ಲಿ ಇನ್ಸ್‌ಪೆಕ್ಟರ್ ಆತನ ಎಡಕ್ಕೆ ಕೂತು, ಇಷ್ಟು ಜನರ ಜೀವದ ಜೊತೆ ಆಟ ಯಾಕೆ ಎಂದು ಗದರಿಸಿದರು.

"ಮನೇಲಿ ನಾನು ಸಿಡುಕ ಅಂದ್ಕೊಂಡಿದಾರೆ ಸರ್. ಕಿವುಡ ಅನ್ನಿಸ್ಕೊಳ್ಳೋದಕ್ಕಿಂತ ಅದೇ ವಾಸಿ ಅನ್ನಿಸ್ತು."

ಆರು ಗಂಟೆಗೆ ಹೆಂಡತಿ ಠಾಣೆಗೆ ಬಂದರು. ಗಂಡನ ಬಲಪಕ್ಕ ಕೂತು ಏನೇನೋ ಕೇಳಿದರು. ಆತ ತಲೆ ತಗ್ಗಿಸಿ ಕೂತೇ ಇದ್ದ. "ನೋಡಿ ಸರ್, ಇಲ್ಲಿಗೆ ಬಂದ್ರೂ ನನ್ಮೇಲೇ ಸಿಟ್ಟು" ಎಂದು ಆಕೆ ಕಣ್ಣೊರೆಸಿಕೊಂಡರು.

ಇನ್ಸ್‌ಪೆಕ್ಟರ್ ಎದ್ದು, ಒಂದು ಕುರ್ಚಿಯನ್ನು ಆತನ ಎಡಕ್ಕೆ ಎಳೆದು ಹಾಕಿದರು.

"ಈ ಕಡೆ ಕೂತು ಮಾತಾಡಿ, ಅಮ್ಮಾ."