ಬಳಸಿ ಹೋದ ಬೆಂಕಿ

ಪಾಪಮ್ಮ ಕಣ್ಣು ತೋರಿಸಲು ದೊಡ್ಡಬಳ್ಳಾಪುರಕ್ಕೆ ಹೋಗಿ ಸಂಜೆ ಬರುವಷ್ಟರಲ್ಲಿ ಹಿತ್ತಲಿನಾಚೆಯ ಒಣಹುಲ್ಲು ಉದ್ದ ಪಟ್ಟಿಯಾಗಿ ಸುಟ್ಟು ಕರಿಯಾಗಿತ್ತು. ಮನೆಯ ಹಿಂದಿನ ಗೋಡೆಗೆ ಒರಗಿದ್ದ ರಾಗಿಹುಲ್ಲಿನ ಮೆದೆಯೂ ಅಲ್ಲಿರಲಿಲ್ಲ. ಯಾರೋ ಅದನ್ನು ಹೊತ್ತು ನಲವತ್ತು ಹೆಜ್ಜೆ ದೂರದಲ್ಲಿ ಒಟ್ಟಿದ್ದರು. ಊರಲ್ಲಿ ಕೇಳಿದರೆ, ಕಂಡವರೂ ಕಾಣದವರಂತಿದ್ದರು.

ಬೆಳಿಗ್ಗೆ ಅರಣ್ಯ ಇಲಾಖೆಯ ಗಾರ್ಡ್ ಸಂಘಮಿತ್ರ ಬಂದಳು. ಬೇಸಿಗೆ ಬಂತೆಂದರೆ ಊರ ಪಕ್ಕದ ಮಾಕಳಿದುರ್ಗದ ಬೆಟ್ಟದಲ್ಲಿ ಎಲ್ಲಿ ಹೊಗೆ ಎದ್ದೀತೋ ಎಂದು ಅವಳಿಗೆ ನಿದ್ದೆಯಿಲ್ಲ. ಮನೆ ಸುತ್ತಲಿನ ಹುಲ್ಲು ತೆಗೆಯಿರಿ, ಮೆದೆ ದೂರ ಒಟ್ಟಿರಿ ಎಂದು ಮನೆಮನೆಗೆ ಹೇಳಿ ಅವಳ ಗಂಟಲು ಒಣಗಿತ್ತು. ಪಾಪಮ್ಮ ನಕ್ಕು ಕಳಿಸಿದ್ದಳು.

ಈಗ ನಗುವಿರಲಿಲ್ಲ. "ಆ ಬ್ರೋಕರ್ ಗೋವಿಂದರಾಜುದೇ ಕೆಲ್ಸ ಕಣವ್ವ. ಏರ್‌ಪೋರ್ಟ್ ಬಂದಾಗಿಂದ ಜಮೀನು ಕೊಡು ಅಂತ ಪ್ರಾಣ ತಿಂತಿದ್ದ. ಈಗ ಹೆದರಿಸ್ತಾವ್ನೆ. ಸಾಕು, ಮಾರ್ಬಿಟ್ಟು ಮಗಳ ಮನೆಗೆ ಹೋಗ್ತೀನಿ."

ಸಂಘಮಿತ್ರ ಕರಿಯ ಪಟ್ಟಿಯುದ್ದಕ್ಕೂ ನಡೆದಳು. ಹೆದರಿಸುವವನು ಇಷ್ಟು ಅಚ್ಚುಕಟ್ಟಾಗಿ ಸುಡುತ್ತಾನೆಯೇ? ಅಂಚಿನಲ್ಲಿ ಬಾಡಿದ ಹೊಂಗೆಸೊಪ್ಪು ಬಿದ್ದಿತ್ತು — ಬೆಂಕಿಯನ್ನು ಬಡಿದು ನಂದಿಸಿದ್ದು. ಬೇಲಿಯ ಒಂದು ಕಡ್ಡಿಯೂ ಸುಟ್ಟಿರಲಿಲ್ಲ. ಹುಣಸೆಮರದ ಹತ್ತಿರ ಅವಳು ನಿಂತಳು. ನೇರ ಬಂದ ಪಟ್ಟಿ ಅಲ್ಲಿ ಮಾತ್ರ ಬಾಗಿ, ಮೊರದಗಲದ ಜಾಗವನ್ನು ಬಳಸಿ ಮುಂದೆ ಹೋಗಿತ್ತು. ಆ ಜಾಗಕ್ಕೆ ನೀರು ಹೊಯ್ದಿದ್ದರು. ಅಲ್ಲಿ ಕಲ್ಲಿಲ್ಲ, ಗಿಡವಿಲ್ಲ, ಬರೀ ಗರಿಕೆ.

"ಇಲ್ಲೇನಿದೆ ಅಜ್ಜಿ?"

ಪಾಪಮ್ಮ ಗರಿಕೆಯ ಪಕ್ಕ ಕುಕ್ಕರಿಸಿದಳು. "ನನ್ನ ಮೊದಲ್ನೇ ಕೂಸು. ಹನ್ನೊಂದು ದಿನ ಇತ್ತು. ಎಳೇ ಕೂಸಿಗೆ ಕಲ್ಲು ನೆಡಲ್ವಲ್ಲವ್ವ."

"ಮಣ್ಣು ಮಾಡ್ದೋರು ಯಾರು?"

ಗಂಡ ಈಗಿಲ್ಲ; ಅವನಿಗೆ ಅಂದು ಕೈಕಾಲು ಆಡಿರಲಿಲ್ಲ. ಗುದ್ದಲಿ ಹಿಡಿದವನು ಮೈದುನ ಸಂಜೀವಪ್ಪ. ಪಕ್ಕದ ಮನೆಯವನೇ; ಜಮೀನು ಪಾಲಾದಾಗಿನಿಂದ ಹದಿನಾಲ್ಕು ವರ್ಷ ಇಬ್ಬರಿಗೂ ಮಾತಿಲ್ಲ.

"ಗೋವಿಂದರಾಜು ಆಗಿದ್ರೆ ನೇರ ಸುಟ್ಕೊಂಡು ಹೋಗ್ತಿದ್ದ," ಎಂದಳು ಸಂಘಮಿತ್ರ. "ಈ ಜಾಗ ಗೊತ್ತಿರೋರು ನಿಮ್ಮ ಮೈದುನ ಒಬ್ರೇ. ಬೆಟ್ಟದ ಬೆಂಕಿ ಬಂದ್ರೆ ಈ ಹುಲ್ಲು, ಗೋಡೆಗಿರೋ ಮೆದೆ ಹತ್ಕೊಂಡು ಮನೆ ಉಳಿಯಲ್ಲ, ಮೊದ್ಲೇ ತೆಗೀಬೇಕು ಅಂತ ನಾನು ಹೇಳ್ದಾಗ ಅವ್ರೂ ಇದ್ರು. ನಿಮಗೆ ಬಾಯಿ ಬಿಟ್ಟು ಹೇಳಕ್ಕಾಗ್ದೆ ಮಾಡೇಬಿಟ್ಟಿದ್ದಾರೆ." ಯಾರಿಗೂ ತಿಳಿಸದೆ ಒಬ್ಬನೇ ಬೆಂಕಿ ಹಚ್ಚಿದ್ದಕ್ಕೆ ಅವನಿಗೆ ಬೈಯುವುದಿದೆ ಎಂದೂ ಸೇರಿಸಿದಳು.

ಅದನ್ನು ಕೇಳಲು ಪಾಪಮ್ಮ ಅಲ್ಲಿರಲಿಲ್ಲ. ಬೇಲಿ ಸಂದಿಯಲ್ಲಿ ನುಸುಳಿ ಪಕ್ಕದ ಜಗಲಿಯ ಮುಂದೆ ನಿಂತಿದ್ದಳು. ಸಂಜೀವಪ್ಪ ಕೈಗಳನ್ನು ಟವೆಲಿನಲ್ಲಿ ಮುಚ್ಚಿಕೊಂಡ.

"ತೋರ್ಸು. ಸುಟ್ಕೊಂಡಿದ್ದೀಯಾ?"

"ಒಸಿ ಅಷ್ಟೇ ಅತ್ತಿಗೆ," ಎಂದ ಅವನು. "ಕೂಸಿಗೆ ಝಳ ತಾಗ್ಲಿಲ್ಲ."