ಎದುರು ಮನೆಯ ಒದ್ದೆ ಗೋಡೆ

“ಅಕ್ಕ, ಗೋಡೆ ಮತ್ತೆ ಒದ್ದೆಯಾಗಿದೆ.”

ಕಾಫಿ ಲೋಟ ಇನ್ನೂ ನನ್ನ ಬಾಯಿಗೆ ಹೋಗಿರಲಿಲ್ಲ, ಅಷ್ಟರಲ್ಲಿ ನಮ್ಮ ಮನೆ ಮಾಲೀಕ ಬಾಗಿಲಲ್ಲಿ ನಿಂತಿದ್ದ. ಒಂದೇ ಕಾಲಿಗೆ ಚಪ್ಪಲಿ, ಅಂಗಿಯ ಗುಂಡಿ ಮೇಲೆ ಕೆಳಗೆ. ಎದುರಿಗೆ ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ; ಬೆನ್ನ ಹಿಂದೆ ಮಾತ್ರ ಅವನು ನಮಗೆ ಮ್ಯಾನೇಜರ್. ಹಿಂದಿನ ವರ್ಷದ ತನಕ ದೊಡ್ಡ ಕಂಪನಿಯೊಂದರಲ್ಲಿ ಅವನಿಗಿದ್ದ ಹುದ್ದೆ ಅದು. ಅದನ್ನು ಬಿಟ್ಟು, ಇದ್ದಬದ್ದ ಉಳಿತಾಯ, ಹೆಂಡತಿಯ ಒಡವೆ, ಸಾಲದೆಂದು ಬ್ಯಾಂಕಿನ ಸಾಲ, ಎಲ್ಲವನ್ನೂ ಸುರಿದು ಈ ಹಳೆಯ ಕಟ್ಟಡ ಕೊಂಡಿದ್ದ. ಇನ್ನು ಯಾರ ಕೈಕೆಳಗೂ ದುಡಿಯುವುದಿಲ್ಲ, ಬಾಡಿಗೆಯಲ್ಲೇ ಬದುಕುತ್ತೇನೆ, ಒಂದೊಂದಾಗಿ ಕಟ್ಟಡ ಕೊಳ್ಳುತ್ತ ಹೋಗುತ್ತೇನೆ ಎಂದು ಬೀಳ್ಕೊಡುಗೆಯ ದಿನ ಇಡೀ ಆಫೀಸಿನ ಮುಂದೆ ಹೇಳಿ ಬಂದಿದ್ದನಂತೆ. ಬಾಡಿಗೆ ಹುಟ್ಟುವ ಭಾಗವನ್ನೆಲ್ಲ ಬಾಡಿಗೆಗೆಂದು ಬಿಟ್ಟು, ತಾನೂ ಹೆಂಡತಿಯೂ ಕೆಳಗೆ ಹಿಂಬದಿಯ ಇಕ್ಕಟ್ಟು ಕೋಣೆಗಳಲ್ಲಿ ಇದ್ದರು.

“ಇವತ್ತು ಸಂಜೆ ಒಬ್ರು ನರ್ಸ್ ಆ ಖಾಲಿ ಮನೆ ನೋಡೋಕೆ ಬರ್ತಾರೆ. ಮುಂಚೆ ಬಂದೋರ ಹಾಗೆ ಅವರೂ ಗೋಡೆ ನೋಡಿ ವಾಪಸ್ ಹೋದ್ರೆ ನನ್ನ ಕಥೆ ಮುಗೀತು. ಈ ಸಲದ ಕಂತೂ ತಪ್ಪಿದ್ರೆ ಕಟ್ಟಡಕ್ಕೆ ಬೀಗ ಹಾಕ್ತೀವಿ ಅಂದಿದ್ದಾರೆ ಬ್ಯಾಂಕಿನೋರು. ಇದು ಕೆಳಗಿನ ಅಂಗಡಿ ಟೈಲರ್ ಕೆಲಸಾನೇ ಅಕ್ಕ. ಸಂಜೆಯೊಳಗೆ ಅಂಗಡಿ ಖಾಲಿ ಮಾಡು ಅಂದ್ಬಿಟ್ಟೆ.”

ಅವನು ಅಕ್ಕ ಎಂದದ್ದು ನನ್ನನ್ನಲ್ಲ, ನನ್ನ ಅತ್ತಿಗೆಯನ್ನು. ನನ್ನ ಗಂಡ, ಅವರ ಗಂಡ ಅಂದರೆ ನನ್ನಣ್ಣ, ಇಬ್ಬರೂ ತೀರಿಕೊಂಡ ಮೇಲೆ ನಾವು ಒಂದೇ ಮನೆ ಮಾಡಿಕೊಂಡಿದ್ದೆವು. ವಿಮಾ ಕಂಪನಿಯಲ್ಲಿ ಪರಿಹಾರ ಕೇಳಿದವರ ಮಾತು ನಿಜವೋ ಸುಳ್ಳೋ ಎಂದು ಸ್ಥಳಕ್ಕೆ ಹೋಗಿ ನೋಡುವುದು ಅತ್ತಿಗೆಯ ಕೆಲಸವಾಗಿತ್ತು. ತಾವೇ ಬೆಂಕಿ ಇಟ್ಟುಕೊಂಡ ಅಂಗಡಿ, ತಾವೇ ಹಳ್ಳಕ್ಕೆ ತಳ್ಳಿದ ಲಾರಿ, ಏನೇನೋ ಕಂಡವರು. ನಿವೃತ್ತಿಯಾದ ಮೇಲೆ ಬೀದಿಯಲ್ಲಿ ಯಾರಿಗೆ ಏನು ತಲೆಬಿಸಿಯಾದರೂ ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ಪತ್ತೆ ಮಾಡುವುದು ಅವರ ಪಾಲು, ಬಂದವರಿಗೆಲ್ಲ ಕಾಫಿ ಕಾಸುವುದು ನನ್ನ ಪಾಲು.

“ಮೊದಲು ಇನ್ನೊಂದು ಕಾಲಿಗೂ ಚಪ್ಪಲಿ ಹಾಕ್ಕೊಂಡು ಬಾರಪ್ಪಾ,” ಎಂದರು ಅತ್ತಿಗೆ. “ಆಮೇಲೆ ಗೋಡೆ ನೋಡೋಣ.”

ಖಾಲಿ ಮನೆ ನಮ್ಮದರ ಎದುರಿಗೇ ಇತ್ತು. ಅದರ ಮಲಗುವ ಕೋಣೆಯಲ್ಲಿ, ಹೋದ ವಾರವಷ್ಟೇ ಬಳಿದ ತಿಳಿಹಸಿರು ಬಣ್ಣದ ಮೇಲೆ, ಅಗಲವಾದ ಒದ್ದೆ. ನನ್ನ ಹೆಗಲಿನ ಎತ್ತರದಲ್ಲಿ ಶುರುವಾಗಿ ಕೆಳಕ್ಕೆ ಇಳಿದಿತ್ತು. ಅಲ್ಲಿಂದ ಮೇಲೆ ಚಾವಣಿಯ ತನಕ ಗೋಡೆ ಒಣಗಿತ್ತು.

“ಪೈಪೆಲ್ಲ ಬದಲಾಯಿಸ್ದೆ, ತಾರಸಿಗೆ ಹೊಸ ಗಾರೆ ಹಾಕಿಸ್ದೆ,” ಎಂದ ಮ್ಯಾನೇಜರ್. “ಪ್ಲಂಬರ್ ಗೋಡೆ ಒಡೆದು ನೋಡಿ, ಒಳಗೆಲ್ಲ ಒಣಗಿದೆ ಸಾರ್, ದೆವ್ವ ಗಿವ್ವ ಇರ್ಬೇಕು ಅಂತ ಹಲ್ಲು ಕಿರೀತಾನೆ. ನನಗೆ ಜೀವ ಹೋಗ್ತಿದೆ, ಅವನಿಗೆ ತಮಾಷೆ!”

ಅತ್ತಿಗೆ ಬಣ್ಣವನ್ನು ಉಗುರಿನಿಂದ ಒತ್ತಿದರು. ಉಬ್ಬಿರಲಿಲ್ಲ, ಏಳಲೂ ಇಲ್ಲ. ಮಂಡಿನೋವನ್ನೂ ಲೆಕ್ಕಿಸದೆ ಕೂತು ನೆಲ ಸವರಿದರು. ಗೋಡೆಯಿಂದ ಅಷ್ಟು ನೀರು ಇಳಿದಿದ್ದರೂ ನೆಲದ ಮೇಲೆ ಒಂದು ಹನಿಯಿಲ್ಲ. ಬಚ್ಚಲಿಗೆ ಹೋಗಿ ನೋಡಿದರೆ ನೆಲ ಒರೆಸುವ ಬಟ್ಟೆಯನ್ನು ಹಿಂಡಿ, ಅಂಚಿಗೆ ಅಂಚು ಸೇರಿಸಿ, ಬಕೆಟ್ಟಿನ ಮೇಲೆ ಹರವಿತ್ತು. ಮುಟ್ಟಿದರೆ ಇನ್ನೂ ಹಸಿ.

“ಇದನ್ನ ಯಾರು ಒಗೆದು ಹಾಕಿದ್ದು?”

“ಗೊತ್ತಿಲ್ಲ ಅಕ್ಕ. ನನ್ನ ಹೆಂಡ್ತಿ ಮನೆ ಗುಡಿಸಿ ಒರೆಸಿದ್ದು ನಿನ್ನೆ ಬೆಳಗ್ಗೆ. ಇವತ್ತು ಮೇಲೆ ಬಂದೇ ಇಲ್ಲ ಅಂದ್ಲು.”

ಒದ್ದೆಯ ಅಂಚು ಒಂದು ಕಡೆ ಒಣಗುತ್ತ ಬಂದಿತ್ತು. ನಾನು ಅಲ್ಲಿ ಕೈಯಿಟ್ಟೆ. ಬೆರಳು ಸ್ವಲ್ಪ ಅಂಟಿತು. “ಥೂ, ಏನಿದು ಜಿಗುಟು,” ಎಂದು ಸೆರಗಿಗೆ ಒರೆಸಿಕೊಂಡೆ. ಅತ್ತಿಗೆ ಗೋಡೆ ಬಿಟ್ಟು ನನ್ನ ಬೆರಳನ್ನೇ ನೋಡುತ್ತ ನಿಂತರು. ನನಗೆ ಮೈ ಉರಿಯಿತು. ಏನಾದರೂ ಹೊಳೆದರೆ ಬಾಯಿ ಬಿಟ್ಟು ಹೇಳಬಾರದೇ?

ಖಾಲಿ ಮನೆಯ ಬೀಗದ ಕೈ ಇರುತ್ತಿದ್ದದ್ದು ಮ್ಯಾನೇಜರ್ ಅಡುಗೆಮನೆ ಬಾಗಿಲ ಪಕ್ಕದ ಮೊಳೆಯಲ್ಲಿ. ಆ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಟೈಲರ್ ಕುಡಿಯುವ ನೀರಿಗೆ ಬರುತ್ತಿದ್ದ, ಬ್ರೋಕರ್ ಮನೆ ನೋಡುವವರನ್ನು ಕರೆತಂದಾಗ ತಾನೇ ಕೈ ಹಾಕಿ ಬೀಗದ ಕೈ ತೆಗೆದುಕೊಳ್ಳುತ್ತಿದ್ದ. ಅಂದರೆ ಯಾರು ಬೇಕಾದರೂ ಮೇಲೆ ಹೋಗಬಹುದಿತ್ತು.

ಕೆಳಗೆ ಅಂಗಡಿಯಲ್ಲಿ ಟೈಲರ್ ಹೊಲಿಗೆ ಯಂತ್ರಕ್ಕೆ ಹಗ್ಗ ಸುತ್ತುತ್ತಿದ್ದ. ಕಣ್ಣಲ್ಲಿ ನೀರು.

“ಮೇಲಿನ ಮನೇನ ಅರ್ಧ ಬಾಡಿಗೆಗೆ ಕೊಡಿ ಅಂತ ಕೇಳಿದ್ದು ನಿಜ ಅಕ್ಕ. ಕೇಳೋದೂ ತಪ್ಪಾ? ಇಸ್ತ್ರಿಗೆ ಚಿಮುಕಿಸೋ ಬಾಟಲಿ ನನ್ನ ಹತ್ರ ಇದೆ, ಅದಕ್ಕೇ ನಾನೇ ಕಳ್ಳ ಅಂತೆ. ಗಿರಾಕಿ ಎಲ್ಲ ಈ ಬೀದಿಯೋರು. ಇಲ್ಲಿಂದ ಎಬ್ಬಿಸಿದ್ರೆ ನಾನು ಎಲ್ಲಿಗೆ ಹೋಗ್ಲಿ?”

ಅತ್ತಿಗೆ ಆ ಬಾಟಲಿಯ ನೀರನ್ನು ಅಂಗೈಗೆ ಚಿಮುಕಿಸಿಕೊಂಡು ಬೆರಳಲ್ಲಿ ಉಜ್ಜಿ ನೋಡಿದರು. “ಇದಕ್ಕೆ ಏನಾದ್ರೂ ಬೆರೆಸ್ತೀಯಾ?”

“ಬರೀ ನಲ್ಲಿ ನೀರು. ಹೊಸ ಬಟ್ಟೆ ಮೇಲೆ ಬೇರೇನಾದ್ರೂ ಬಿದ್ರೆ ಕಲೆ ಕೂರುತ್ತೆ.”

ಅಷ್ಟರಲ್ಲಿ ಬ್ರೋಕರ್ ಬಂದ. ಅವನ ನಗು ನನಗೆ ಯಾವತ್ತೂ ಸೇರಿದ್ದಲ್ಲ. “ಎಷ್ಟು ದಿನ ಅಂತ ಒದ್ದಾಡ್ತಾರೆ ಅಕ್ಕ? ಇಡೀ ಕಟ್ಟಡ ಕೊಳ್ಳೋಕೆ ನನ್ನ ಹತ್ರ ಪಾರ್ಟಿ ರೆಡಿ ಇದೆ. ಸಾಲ ತೀರಿಸಿ ಕೈ ತೊಳ್ಕೋಬಹುದು.” ಇವನೇ ಇರಬೇಕು ಎಂದು ನಾನು ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಅತ್ತಿಗೆಯ ಕಿವಿಯಲ್ಲಿ ಹೇಳಿಯೂ ಹೇಳಿದೆ. ಅವರು “ಸುಮ್ನೆ ಬಾ,” ಎಂದು ಹಿಂಬದಿಗೆ ನಡೆದರು.

ಮ್ಯಾನೇಜರ್ ಹೆಂಡತಿ ಇಸ್ತ್ರಿ ಹಾಕುತ್ತಿದ್ದಳು. ಗೋಡೆಗೆ ಕಟ್ಟಿದ ಕೋಲಿನಲ್ಲಿ ಅವನ ಆಫೀಸು ಅಂಗಿಗಳು ಸಾಲಾಗಿ ತೂಗುತ್ತಿದ್ದವು, ಕಾಲರು ರಟ್ಟಿನ ಹಾಗೆ ನಿಂತಿತ್ತು. ನನ್ನ ಗಂಡನ ಅಂಗಿಗೆ ನಾನು ಹೀಗೆ ಇಸ್ತ್ರಿ ಹಾಕಿದ್ದೇ ಇಲ್ಲ. ಅವಳ ಕಣ್ಣು ಊದಿಕೊಂಡಿತ್ತು.

“ಸರಿಯಾಗಿ ಊಟ ಮಾಡ್ತಿಲ್ಲ ಅಕ್ಕ ಅವರು. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾರೆ. ನನಗೆ ಕೇಳಿಸಲ್ಲ ಅಂದ್ಕೊಂಡಿದ್ದಾರೆ.”

“ಹಳೇ ಆಫೀಸಿನೋರು ಏನಾದ್ರೂ ಸಹಾಯ ಮಾಡಲ್ವೇನಮ್ಮಾ?”

“ಒಂದು ವರ್ಷದ ತನಕ ನಿನ್ನ ಕುರ್ಚಿ ಹಾಗೇ ಇಟ್ಟಿರ್ತೀನಿ ಅಂತ ಬಾಸ್ ಮಾತು ಕೊಟ್ಟಿದ್ರು. ಈ ತಿಂಗಳಿಗೆ ವರ್ಷ ಮುಗಿಯುತ್ತೆ. ಇವರು ಹೋಗಿ ಕೇಳೋ ಜಾಯಮಾನದೋರಲ್ಲ.”

ಮನೆಗೆ ಬಂದವರೇ ಅತ್ತಿಗೆ ಔಷಧದ ಡಬ್ಬಿಯಿಂದ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ತೆಗೆದುಕೊಂಡರು. ಮುಖ ಬಾಡಿತ್ತು.

“ಯಾರು ಅಂತ ಗೊತ್ತಾಯ್ತಾ?”

“ಗೊತ್ತಾಯ್ತು. ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು.”

“ಹಾಗಾದ್ರೆ ಬಾಯಿ ಮುಚ್ಕೊಂಡು ಇದ್ಬಿಡಿ.”

“ಟೈಲರ್ ಬೀದಿಗೆ ಬೀಳ್ತಾನಲ್ಲೇ! ಹೋಗು, ಎಲ್ಲರನ್ನೂ ಕರಿ.”

ನರ್ಸ್ ಬರುವ ಮುಂಚೆ ಎಲ್ಲರೂ ಆ ಖಾಲಿ ಕೋಣೆಯಲ್ಲಿ ಸೇರಿದೆವು. ಕುರ್ಚಿ ಇರಲಿಲ್ಲ, ನಿಂತೇ ಇದ್ದೆವು. ಟೈಲರ್ ಬಾಗಿಲಿಗೆ ಒರಗಿದ್ದ. ಬ್ರೋಕರ್ ಕಿಟಕಿಯ ಹತ್ತಿರ. ಮ್ಯಾನೇಜರ್ ಕೈ ಹಿಸುಕಿಕೊಳ್ಳುತ್ತ ಅತ್ತಿಂದಿತ್ತ ಓಡಾಡುತ್ತಿದ್ದ. ಅವನ ಹೆಂಡತಿ ಮೂಲೆಯಲ್ಲಿ ತಲೆ ತಗ್ಗಿಸಿದ್ದಳು.

“ಈ ಗೋಡೆ ಸೋರ್ತಿಲ್ಲ,” ಎಂದು ಅತ್ತಿಗೆ ಶುರು ಮಾಡಿದರು. “ಸೋರೋ ಗೋಡೆ ಒಳಗಿಂದ ಹೊರಕ್ಕೆ ನೆನೆಯುತ್ತೆ, ಬಣ್ಣ ಉಬ್ಬಿ ಹಪ್ಪಳದ ಹಾಗೆ ಏಳುತ್ತೆ. ಇಲ್ಲಿ ಬಣ್ಣ ಗಟ್ಟಿಯಾಗಿದೆ. ಒದ್ದೆ ಇರೋದು ಒಬ್ಬ ಮನುಷ್ಯನ ಕೈಗೆ ಸಲೀಸಾಗಿ ಸಿಗೋ ಎತ್ತರದಲ್ಲಿ ಮಾತ್ರ. ಹೊರಗಿಂದ ಯಾರೋ ನೀರು ಹೊಡೆದಿದ್ದಾರೆ.”

“ನಾನು ಹೇಳ್ಲಿಲ್ವಾ?” ಎಂದು ಮ್ಯಾನೇಜರ್ ಟೈಲರ್ ಕಡೆ ಕೈ ತೋರಿಸಿದ.

“ತಾಳಪ್ಪಾ. ನೀರು ಹೊಡೆದೋರು ಆಮೇಲೆ ನೆಲ ಒರೆಸಿದ್ದಾರೆ. ಬಟ್ಟೆ ಒಗೆದು, ಹಿಂಡಿ, ಮಡಿಕೆಯಿಲ್ಲದ ಹಾಗೆ ಒಣಗಿ ಹಾಕಿದ್ದಾರೆ. ಹಾಳುಮಾಡೋಕೆ ಹೊರಗಿಂದ ಬಂದೋರು ನೆಲ ಯಾಕೆ ಒರೆಸ್ತಾರೆ? ನೀರು ನಿಂತ್ರೆ ನಿಲ್ಲಲಿ ಅಂತ ಹೋಗ್ತಾರೆ. ಈ ನೆಲ ತನ್ನದು ಅನ್ನೋರಿಗೆ ಮಾತ್ರ ಅದನ್ನ ಹಾಗೇ ಬಿಟ್ಟು ಹೋಗೋಕೆ ಮನಸ್ಸು ಬರಲ್ಲ.”

ಅವರು ಟಿಂಚರ್ ತೆಗೆದು ಮೊದಲು ಗೋಡೆಯ ಒಣಗಿದ ಭಾಗಕ್ಕೆ ಒಂದು ಹನಿ ಮುಟ್ಟಿಸಿದರು. ಕಂದು ಬಣ್ಣ ಕಂದಾಗಿಯೇ ಉಳಿಯಿತು. ಆಮೇಲೆ ಒದ್ದೆಯ ಅಂಚಿಗೆ ಮುಟ್ಟಿಸಿದರು. ನೋಡುನೋಡುತ್ತಲೇ ಅದು ಕಡುನೀಲಿಯಾಯಿತು. ಅಯ್ಯೋ ಎಂದೆ ನಾನು.

“ಶಾಲೇಲಿ ಮಕ್ಕಳೂ ಮಾಡ್ತಾರೆ ಇದನ್ನ. ಗಂಜಿ ಇದ್ದ ಕಡೆ ಟಿಂಚರ್ ನೀಲಿಯಾಗುತ್ತೆ. ಬೆಳಗ್ಗೆ ನಮ್ಮ ನಾದಿನಿ ಬೆರಳು ಅಂಟಿದ್ದೂ ಅದಕ್ಕೇ. ಟೈಲರ್ ಬಾಟಲೀಲಿ ಬರೀ ನೀರು, ಉಜ್ಜಿ ನೋಡಿದ್ದೀನಿ, ಬೇಕಾದ್ರೆ ಅದಕ್ಕೂ ಟಿಂಚರ್ ಹಾಕಿ ನೋಡಿ. ಬ್ರೋಕರು ಊರೆಲ್ಲ ಸುತ್ತೋನು, ಗಂಜಿ ನೀರು ಹೊತ್ಕೊಂಡು ತಿರುಗಲ್ಲ. ಈ ಕಟ್ಟಡದಲ್ಲಿ ಕಾಲರಿಗೆ ಗಂಜಿ ಹಾಕಿ ಇಸ್ತ್ರಿ ಮಾಡೋದು ಒಂದೇ ಮನೇಲಿ. ಕೆಲಸ ಬಿಟ್ಟು ವರ್ಷವಾಗ್ತಾ ಬಂತು. ಆ ಅಂಗಿಗಳು ಯಾವ ಆಫೀಸಿಗೆ ಹೋಗೋಕೆ ಕಾಯ್ತಿವೆ?”

ಮ್ಯಾನೇಜರ್ ಓಡಾಡುವುದನ್ನು ನಿಲ್ಲಿಸಿದ.

“ನಾನೇ,” ಎಂದಳು ಹೆಂಡತಿ. ದನಿ ಸಣ್ಣದಾಗಿತ್ತು. “ಇಸ್ತ್ರಿ ಹತ್ರ ಕೈಗೆ ಸಿಕ್ಕಿದ ಬಾಟಲಿ ತಗೊಂಡು ಹೋದೆ. ಅದರಲ್ಲಿ ಗಂಜಿ ಇರೋದು ನೆನಪೇ ಆಗ್ಲಿಲ್ಲ. ಪ್ರತಿ ಸಲವೂ ನಾನೇ.”

“ನೀನಾ?” ಎಂದ ಅವನು. “ನಿನ್ನ ಒಡವೆ ಹಾಕಿ ಕೊಂಡ ಮನೆ ಇದು!”

“ಒಡವೆ ಹೋದ್ರೆ ಹೋಗ್ಲಿ! ನೀವು ಹೋಗ್ತಿದ್ದೀರಲ್ಲ ರೀ! ಊಟ ಇಲ್ಲ, ನಿದ್ದೆ ಇಲ್ಲ, ಬಾಗಿಲು ಬಡಿದ್ರೆ ಬೆಚ್ಚಿ ಬೀಳ್ತೀರಿ. ಸೋತೆ ಅಂತ ನಿಮ್ಮ ಬಾಯಲ್ಲಿ ಬರಲ್ಲ. ಈ ಮನೆ ಖಾಲಿ ಬಿದ್ರೆ ಬೇರೆ ದಾರಿಯಿಲ್ಲದೆ ಮಾರ್ತೀರಿ, ವರ್ಷ ಮುಗಿಯೋದರೊಳಗೆ ವಾಪಸ್ ಹೋಗಿ ಆ ಕುರ್ಚೀಲಿ ಕೂರ್ತೀರಿ ಅಂದ್ಕೊಂಡೆ. ಮೊದಲಿನ ಹಾಗೆ ನಗ್ತಾ ಮನೆಗೆ ಬರ್ತೀರಿ ಅಂದ್ಕೊಂಡೆ.”

ಅವನು ಗೋಡೆಗೆ ಒರಗಿ ಜಾರಿ ನೆಲದ ಮೇಲೆ ಕೂತುಬಿಟ್ಟ. ಬೈಯುತ್ತಾನೆ, ಹೊಡೆದೇ ಬಿಡುತ್ತಾನೇನೋ ಎಂದು ನಾನು ಒಂದು ಹೆಜ್ಜೆ ಮುಂದೆ ಬಂದಿದ್ದೆ.

“ಆ ಕುರ್ಚಿ ಇಲ್ಲ ಕಣೇ,” ಎಂದ. “ಬ್ಯಾಂಕಿಗೆ ಹೋಗ್ತೀನಿ ಅಂತ ಹೇಳಿ ನಾನೇ ಹೋಗಿದ್ದೆ, ಕೆಲಸ ಕೊಡಿ ಅಂತ ಕೇಳೋಕೆ. ಆ ವಿಭಾಗಾನೇ ಮುಚ್ಚಿದ್ದಾರೆ. ಮಾತು ಕೊಟ್ಟ ಬಾಸ್ ಕೂಡ ಮನೇಲಿ ಕೂತಿದ್ದಾರೆ. ಆಗಿ ಎಷ್ಟೋ ತಿಂಗಳಾಯ್ತು. ನಿನಗೆ ಹೇಗೆ ಹೇಳಲಿ? ಇನ್ನು ನಮಗೆ ಇದ್ದದ್ದು ಈ ಮನೆ ಒಂದೇ.”

ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಟೈಲರ್ ಮುಖ ತಿರುಗಿಸಿದ. ಬ್ರೋಕರ್ ಕೂಡ ನಗುತ್ತಿರಲಿಲ್ಲ.

ಅದೇ ಹೊತ್ತಿಗೆ ಬಾಗಿಲು ಬಡಿಯಿತು. ನರ್ಸ್.

ಮ್ಯಾನೇಜರ್ ಕೂತಲ್ಲೇ ಇದ್ದ. ಅವನ ಹೆಂಡತಿಯೇ ಮುಖ ಒರೆಸಿಕೊಂಡು ಹೋಗಿ ಕರೆತಂದಳು. ನರ್ಸ್ ಅಡುಗೆಮನೆ ನೋಡಿದರು, ಬಚ್ಚಲು ನೋಡಿದರು, ಕೊನೆಗೆ ಈ ಕೋಣೆಗೆ ಬಂದು ಗೋಡೆಯ ಮುಂದೆ ನಿಂತರು.

“ಈಗ ತಾನೇ ಗೋಡೆ ತೊಳೆದಿದ್ದು ಮೇಡಂ,” ಎಂದು ಬ್ರೋಕರ್ ಮುಂದೆ ಬಂದ.

“ಇಲ್ಲ,” ಎಂದಳು ಅವಳು. “ಗೋಡೆ ಸೋರಲ್ಲ, ನಾನೇ ಬೇಕಂತ ನೀರು ಹೊಡೆದಿದ್ದು. ಬಾಡಿಗೆಗೆ ಹೋಗಬಾರದು ಅಂತ. ತಪ್ಪಾಯ್ತು. ಇನ್ನು ಯಾವತ್ತೂ ಮಾಡಲ್ಲ. ದಯವಿಟ್ಟು ಈ ಮನೆ ತಗೊಳ್ಳಿ.”

ನರ್ಸ್ ಅವಳನ್ನೂ, ನೆಲದ ಮೇಲೆ ಕೂತಿದ್ದ ಅವನನ್ನೂ, ನಮ್ಮೆಲ್ಲರ ಮುಖಗಳನ್ನೂ ನೋಡಿದರು. “ಮನೇಲಿ ಕೇಳಿ ಹೇಳ್ತೀನಿ,” ಎಂದು ಮೆಟ್ಟಿಲಿಳಿದರು. ಆ ಮಾತಿನ ಅರ್ಥ ಮನೆ ತೋರಿಸುವವರಿಗೆಲ್ಲ ಗೊತ್ತು.

“ನಿನ್ನ ಪಾರ್ಟೀನ ಕರೆಸಪ್ಪಾ,” ಎಂದು ಮ್ಯಾನೇಜರ್ ಬ್ರೋಕರಿಗೆ ಬೀಗದ ಕೈ ಚಾಚಿದ. ಅವಳು ನಡುವೆ ನುಗ್ಗಿ ಅದನ್ನು ಕಿತ್ತುಕೊಂಡಳು. “ಕೊಡಲ್ಲ. ಕಂತಿಗೆ ಇನ್ನೂ ವಾರ ಇದೆ. ನಾನೇ ಜನ ಹುಡುಕ್ತೀನಿ.”

ಹುಡುಕಿದಳು. ಆಸ್ಪತ್ರೆ, ಶಾಲೆ, ಬಸ್ ಡಿಪೋ, ಯಾವುದನ್ನೂ ಬಿಡಲಿಲ್ಲ. ಮೊದಲ ದಿನ ಒಬ್ಬಳೇ ಹೋದಳು, ಮರುದಿನದಿಂದ ಮ್ಯಾನೇಜರೂ ಜೊತೆಗೆ ಹೊರಟ. ಟೈಲರನ ಕೈ ಹಿಡಿದು ಕ್ಷಮೆ ಕೇಳಿದ. ಟೈಲರ್ ತನ್ನ ಗಿರಾಕಿಗಳಿಗೆಲ್ಲ ಹೇಳಿದ. ನಾವೂ ಗುರುತಿನವರಿಗೆಲ್ಲ ಹೇಳಿದೆವು. ಆದರೆ ತನ್ನ ಮನೆಗೆ ತಾನೇ ನೀರು ಹೊಡೆದವಳ ಸುದ್ದಿ ಅವಳಿಗಿಂತ ಮುಂಚೆ ಎಲ್ಲ ಕಡೆ ತಲುಪಿತ್ತು. ಯಾರೂ ಬರಲಿಲ್ಲ. ಕೊನೆಗೆ ಬ್ರೋಕರಿಗೆ ಬೀಗದ ಕೈ ಕೊಟ್ಟದ್ದು ಅವಳೇ.

ಸಾಮಾನು ವ್ಯಾನಿಗೆ ತುಂಬಿದ ಮೇಲೆ ಮ್ಯಾನೇಜರ್ ನಮ್ಮ ಮನೆಗೆ ಬಂದ. ನಾನು ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದ. ಲೋಟ ಕೆಳಗಿಟ್ಟು ಅತ್ತಿಗೆಗೆ ಹೇಳಿದ:

“ಆ ಒಂದು ವಾರ ನಾವಿಬ್ಬರೂ ಒಟ್ಟಿಗೆ ಬೀದಿ ಬೀದಿ ಅಲೆದ್ವಿ ಅಕ್ಕ. ಇಡೀ ವರ್ಷದಲ್ಲಿ ನಾನು ಅವಳಿಗೆ ನಿಜ ಹೇಳಿದ್ದು ಆ ವಾರ ಒಂದೇ. ಅದು ಮೊದಲನೇ ವಾರ ಆಗಿದ್ದಿದ್ರೆ ಮನೆ ಉಳೀತಿತ್ತು.”

ಅತ್ತಿಗೆ ಅವನ ತಲೆ ನೇವರಿಸಿದರು. ಕೆಳಗಿನಿಂದ ಅವಳು “ರೀ, ಹೊರಡೋಣ,” ಎಂದು ಕೂಗಿದಳು. ಅವನು “ಬಂದೆ,” ಎಂದು ಇಳಿದು ಹೋದ.