ಕೃಷ್ಣಪ್ಪನವರ ಬಲಗಿವಿ

"ಅಯ್ಯೋ, ಬಿದ್ರು!"

ಕೃಷ್ಣಪ್ಪನವರು ಹಿಮ ಕರಗಿದ ಕೆಸರಿನಲ್ಲಿ ಬಲ ಮಗ್ಗುಲಾಗಿ ಬಿದ್ದಿದ್ದರು. ಎದುರಿಗೇ ಚಾಲಕನಿಲ್ಲದ ವ್ಯಾನು ಗಕ್ಕನೆ ನಿಂತಿತ್ತು. ತಾಗಲಿಲ್ಲ, ದೇವರು ದೊಡ್ಡವನು! ಬೆಚ್ಚಿ ಹಾರಿದ ರಭಸಕ್ಕೆ ಮಣಿಕಟ್ಟು ಮಾತ್ರ ಮುರಿದಿತ್ತು.

ಜರ್ಮನಿಯ ಫೊಯರ್‌ಬಾಕ್‌ನ ಆ ಪುಟ್ಟ ಕಂಪನಿಯಲ್ಲಿ ಎಲ್ಲರ ಕಣ್ಣೂ ವಿವಿಯನ್ ಮೇಲೆ. "ನಿಲ್ಲಿ, ನಾನು ಬರ್ತಿದ್ದೇನೆ" ಎಂದು ವ್ಯಾನು ಶ್ರವಣಯಂತ್ರದೊಳಗೇ ಹೇಳುವ ಏರ್ಪಾಡು ಮಂಗಳೂರಿನ ಈ ಹುಡುಗನದೇ. ಕೃಷ್ಣಪ್ಪನವರೋ ಸಹೋದ್ಯೋಗಿ ಸ್ವರೂಪನ ಅಪ್ಪ. ಮೈಸೂರಿನಿಂದ ಮಗನನ್ನು ನೋಡಲು ಬಂದವರು, ಎಡಗಿವಿ ಪೂರ್ತಿ ಕಿವುಡಾಗಿ ಬಲಗಿವಿಗೆ ಯಂತ್ರ ಹಾಕುವವರು, ವ್ಯಾನಿನೆದುರು ರಸ್ತೆ ದಾಟುವ ಪರೀಕ್ಷೆಗೆ ಖುಷಿಯಿಂದಲೇ ಒಪ್ಪಿದ್ದರು. ಈಗ ಕೆಲಸ ಹೋದರೆ ಇಲ್ಲಿ ಇರಲು ವಿವಿಯನ್‌ಗಿದ್ದ ಪರವಾನಗಿ, ಆ ಬ್ಲೂ ಕಾರ್ಡೂ ಹೋದ ಹಾಗೆಯೇ. ಆದರೆ ಅವನನ್ನು ಸುಡುತ್ತಿದ್ದದ್ದು ನಾಚಿಕೆ. ನನ್ನನ್ನು ನಂಬಿ ರಸ್ತೆಗಿಳಿದ ಹಿರಿಯರ ಕೈ ಮುರಿದೆನಲ್ಲ!

ಆಂಬುಲೆನ್ಸ್ ಬರುವ ಮೊದಲೇ ಸುರಕ್ಷತಾ ತನಿಖೆಯ ಶರ್ಲಿ ಹಾಜರಾದಳು. ಉಡುಪಿಯವಳು, ಮುಲಾಜಿಲ್ಲದವಳು.

"ಅಂಕಲ್, ಏನಾದರೂ ಕೇಳಿಸ್ತಾ?"

"ಇಲ್ಲಮ್ಮ." ಕೃಷ್ಣಪ್ಪನವರು ನೆಲ ನೋಡಿದರು.

"ಮೆಸೇಜೇ ಹೋಗಿಲ್ಲ, ಮೇಡಂ," ಸ್ವರೂಪ್ ನಡುವೆ ಬಾಯಿ ಹಾಕಿದ. "ಸಾರಿ ಮಗಾ, ತಪ್ಪು ನಿಂದೇ."

ವಿವಿಯನ್ ತಲೆ ಎತ್ತಲಿಲ್ಲ. "ಹೋಗಿದೆ ಅಂತ ವ್ಯಾನ್ ತೋರಿಸ್ತದೆ. ಆದರೂ... ನನ್ನದೇ ತಪ್ಪಿರಬೇಕು."

"ಸುಮ್ಮನಿರು ಮಾರಾಯ!" ಶರ್ಲಿ ಗದರಿದಳು. "ಇವರು ಬಿದ್ದಾಗ ಮೊದಲು ಓಡಿದ್ದು ಯಾರು?"

"ನಾನೇ," ಎಂದ ಸ್ವರೂಪ್. "ಯಾಕೆ?"

ಶರ್ಲಿ ಕೃಷ್ಣಪ್ಪನವರ ಕಿವಿಯಿಂದ ಮೆಲ್ಲಗೆ ಯಂತ್ರ ಕಳಚಿದಳು.

"ನೋಡಿ. ಕಿವಿಯ ಹಿಂದೆಲ್ಲ ಕೆಸರು ಮೆತ್ತಿದೆ. ಅದರ ಮೇಲೆ ಕೂತಿದ್ದ ಯಂತ್ರದ ಹೊರಮೈಗೆ ಒಂದು ಹನಿಯೂ ಇಲ್ಲ! ಬೀಳುವಾಗ ಇದು ಕಿವಿಯಲ್ಲಿ ಇರಲೇ ಇಲ್ಲ. ಆಮೇಲೆ ಸಿಕ್ಕಿಸಿದ್ದು. ಮೊದಲು ಓಡಿದವರು ನೀವು. ವ್ಯಾನ್ ಹೇಳಿದೆ, ಸ್ವರೂಪ್ — ನಿಮ್ಮ ಜೇಬಿಗೆ!"

ಸ್ವರೂಪನ ಮುಖ ಬಿಳಿಚಿತು. "ಹುಡುಗಿ ಕಡೆಯವರಿಗೆ ಕಳಿಸೋಕೆ ಅಪ್ಪನ ಜೊತೆ ಫೋಟೋ ತೆಗೆಸಿದೆ. ಕಿವುಡು ವಂಶದಲ್ಲೇ ಇದೆ ಅಂದ್ಕೊಂಡಾರು ಅಂತ ಯಂತ್ರ ಕಳಚಿಸಿ ಜೇಬಲ್ಲಿ ಇಟ್ಕೊಂಡೆ. ಕೊಡೋದು ಮರ್ತೆ. ಬಿದ್ದ ಮೇಲೆ... ಭಯ ಆಯ್ತು."

ಮಾತು ಕೇಳಿಸದಿದ್ದರೂ ಮಗನ ಮುಖ ನೋಡಿಯೇ ಕೃಷ್ಣಪ್ಪನವರಿಗೆ ಎಲ್ಲ ತಿಳಿಯಿತು.

"ಎಲ್ಲರೆದುರು ಯಂತ್ರ ಕೇಳಿ ಪಡೆಯೋಕೆ ನಾಚಿಕೆ ಆಯ್ತು, ಹಾಗೇ ರಸ್ತೆಗೆ ಇಳಿದುಬಿಟ್ಟೆ," ಎಂದರು ವಿವಿಯನ್‌ಗೆ. "ಮಗನ್ನ ಉಳಿಸೋಕೆ ನಿನ್ನ ಅನ್ನಕ್ಕೆ ಕಲ್ಲು ಹಾಕ್ತಿದ್ದೆನಲ್ಲಪ್ಪ!"

ಸರಿಯಿದ್ದ ಕೈ ಚಾಚಿ ವಿವಿಯನ್‌ನ ಕಾಲು ಮುಟ್ಟಲು ಬಾಗಿದರು.

"ಅಯ್ಯೋ, ಬೇಡ ಅಂಕಲ್! ಬೇಡ!"

ಯಂತ್ರ ಇನ್ನೂ ಶರ್ಲಿಯ ಕೈಯಲ್ಲೇ ಇತ್ತು. ಅವರು ಬಾಗುತ್ತಲೇ ಇದ್ದರು.